ಕಂಬದ ಕೆಳಗಿನ ಕೆಲಸ

ಲಕ್ಕಪ್ಪನವರು ಹದಿನೆಂಟು ವರ್ಷ ಕಂಬ ಹತ್ತಿದವರು. ಮೊದಲು ಕೇಬಲ್ ಟಿ.ವಿ.ಯ ತಂತಿಗಾಗಿ ಹತ್ತಿದರು, ಆಮೇಲೆ ಇಂಟರ್ನೆಟ್ಟಿನ ಡಿಷ್‌ಗಾಗಿ. ಅವರ ಊರು ಗೋಕಾಕದ ಹತ್ತಿರ. ಈಗ ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದಾರೆ. ಹೆಂಡತಿ ಮುರಿಗೆವ್ವ ಮಡಿವಾಳದ ಒಂದು ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಾರೆ.

ಕಳೆದ ವರ್ಷ ಜೆ.ಪಿ. ನಗರದಲ್ಲಿ ಒಂದು ಅಪಾರ್ಟ್‌ಮೆಂಟಿನ ಮೇಲೆ ಕೆಲಸ ಮಾಡುವಾಗ ಅವರಿಗೆ ತಲೆ ಸುತ್ತಿತು. ಬೀಳಲಿಲ್ಲ. ಕಂಬವನ್ನು ಅಪ್ಪಿಕೊಂಡು ಕಣ್ಣು ಮುಚ್ಚಿ ನಿಂತರು. ಜೊತೆಗೆ ಕೆಲಸ ಮಾಡುವ ಗುರುಸಿದ್ದ ಹತ್ತಿ ಬಂದು ಇಳಿಸಿದ. ಕಿವಿಯ ಒಳಗಿನ ತೊಂದರೆ, ಇನ್ನು ಎತ್ತರಕ್ಕೆ ಹತ್ತಲೇಬಾರದು ಎಂದು ಡಾಕ್ಟರು ಹೇಳಿದರು. ಮೆಟ್ಟಿಲು ಪರವಾಗಿಲ್ಲ, ಏಣಿ ಬೇಡ.

ಅವರು ಕೆಲಸ ಮಾಡುವುದು ಕುಮಾರಸ್ವಾಮಿ ಲೇಔಟಿನ ಒಂದು ಸಣ್ಣ ಇಂಟರ್ನೆಟ್ ಕಂಪನಿಯಲ್ಲಿ. ರಸ್ತೆ ಅಗೆದು ಅಗೆದು ಕೇಬಲ್ ನಿಲ್ಲದ ಜಾಗಗಳಿಗೆ ಈ ಕಂಪನಿ ಗಾಳಿಯಲ್ಲಿ ಇಂಟರ್ನೆಟ್ ಕೊಡುತ್ತದೆ. ಈ ತುದಿಯ ಮನೆಯ ಮೇಲೊಂದು ಡಿಷ್, ಆ ತುದಿಯ ಮನೆಯ ಮೇಲೊಂದು ಡಿಷ್. ಎರಡೂ ಒಂದನ್ನೊಂದು ನೋಡುತ್ತಿರಬೇಕು. ಮಾಲೀಕ ಮಾಧವ, ಲಕ್ಕಪ್ಪನವರಿಗಿಂತ ಚಿಕ್ಕವರು.

“ಹತ್ತೋದು ಬೇಡ ಬಿಡಿ,” ಎಂದರು ಮಾಧವ. “ಆರಿಸೋ ಕೆಲಸ ನೋಡ್ಕೊಳ್ಳಿ. ಯಾವ ಜಾಗಕ್ಕೆ ಯಾವ ಆಂಟೆನಾ, ಯಾವ ರೂಟರು, ಎಲ್ಲ ನೀವೇ ಹೇಳಿ. ಈ ಹುಳಿಮಾವಿನ ಲಿಂಕ್ ಒಂದು ಮಾಡಿ ನೋಡೋಣ. ಸರಿಹೋದ್ರೆ ಆ ಸೀಟು ನಿಮ್ದೇ.”

“ಹೋಗಲಿಲ್ಲಂದ್ರ, ಸರ್?”

“ನಾವಿರೋದು ಐದು ಜನ, ಲಕ್ಕಪ್ಪ. ಒಬ್ರನ್ನ ಸುಮ್ನೆ ಕೂರಿಸೋಕಾಗುತ್ತಾ? ನೀವೇ ಹೇಳಿ.”

ಲಕ್ಕಪ್ಪನವರಿಗೆ ಗೊತ್ತಿದ್ದುದು ಇದೊಂದೇ ಕೆಲಸ. ಅವರು ಹೂಂ ಎಂದರು.

ಹುಳಿಮಾವಿನಲ್ಲಿ ಎಕ್ಸ್‌ರೇ, ಸ್ಕ್ಯಾನ್ ಮಾಡುವ ಒಂದು ಸಣ್ಣ ಸೆಂಟರ್ ಇದೆ. ಅಲ್ಲಿ ತೆಗೆದ ಚಿತ್ರಗಳನ್ನು ನೋಡಿ ವರದಿ ಬರೆಯುವ ಡಾಕ್ಟರು ಅಲ್ಲಿರುವುದಿಲ್ಲ. ಚಿತ್ರಗಳು ಇಂಟರ್ನೆಟ್ಟಿನಲ್ಲಿ ಅವರಿಗೆ ಹೋಗಬೇಕು, ಅದೂ ಬೆಳಗ್ಗೆ, ಜನ ಹೆಚ್ಚಾಗಿ ಬರುವ ಹೊತ್ತಿನಲ್ಲಿ. ಕಂಪನಿಯ ಆಫೀಸಿನ ಮೇಲಿಂದ ಅಲ್ಲಿಗೆ ಐದಾರು ಕಿಲೋಮೀಟರ್. ನಡುವೆ ಜೆ.ಪಿ. ನಗರದ ಮನೆಗಳು, ಮರಗಳು, ಒಂದೆರಡು ಕೆರೆ.

ಲಕ್ಕಪ್ಪನವರು ಆರಿಸಲು ತೆಗೆದುಕೊಂಡ ಸಮಯ ನೋಡಿ ಗುರುಸಿದ್ದ ನಕ್ಕ. “ಕಾಕಾ, ಹೆಣ್ಣು ನೋಡಾಕ ಹೋದಂಗ ಮಾಡಾಕತ್ತೀಯಲ್ಲೋ.” ಲಕ್ಕಪ್ಪನವರು ತಲೆ ಎತ್ತದೆ ನೋಡುತ್ತಲೇ ಇದ್ದರು. ಅವರ ಮುಂದೆ ಮೂರು ಬಗೆಯ ಆಂಟೆನಾ ಇದ್ದವು. ಒಂದು ಚಪ್ಪಟೆ ಹಲಗೆಯಂಥದು. ಅದರ ಸಿಗ್ನಲ್ ಅಗಲವಾಗಿ ಹರಡುತ್ತದೆ, ಹಾಗೆಯೇ ಸುತ್ತಲಿನ ಮನೆಗಳ ವೈಫೈ ಗದ್ದಲವನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ. ಈ ಭಾಗದಲ್ಲಿ ವೈಫೈ ಇಲ್ಲದ ಮನೆ ಇಲ್ಲ. ಆದ್ದರಿಂದ ಅದು ಬೇಡ. ಉಳಿದ ಎರಡೂ ಡಿಷ್‌ಗಳು. ಡಿಷ್ ಟಾರ್ಚಿನ ಹಾಗೆ, ಹೇಳಿದ ಕಡೆಗೇ ನೋಡುತ್ತದೆ. ಅವುಗಳಲ್ಲಿ ಒಂದು ದೊಡ್ಡದು, ತಟ್ಟೆಯಂತೆ ಗಟ್ಟಿಯಾದದ್ದು. ಇನ್ನೊಂದು ಸಣ್ಣದು, ಜಾಲರಿಯದು. ಜಾಲರಿಯಲ್ಲಿ ಗಾಳಿ ಹಾದುಹೋಗುತ್ತದೆ. ಕಂಬದ ಮೇಲೆ ಗಾಳಿ ಹೇಗೆ ಬೀಸುತ್ತದೆ ಎಂದು ಲಕ್ಕಪ್ಪನವರ ಮೈಗೆ ಗೊತ್ತಿತ್ತು. ಐದಾರು ಕಿಲೋಮೀಟರಿಗೆ ಸಣ್ಣ ಡಿಷ್ ಸಾಕು ಎಂದು ಲೆಕ್ಕವೂ ಹೇಳಿತು. ಅವರು ಜಾಲರಿ ಡಿಷ್ ಆರಿಸಿದರು.

ರೂಟರಿನ ವಿಷಯದಲ್ಲಿ ಮಾಧವರ ಮನಸ್ಸು ಬೇರೆ ಇತ್ತು. ಅವರು ಆರು ಕೊಂಬಿನ ಒಂದನ್ನು ತೋರಿಸಿದರು. “ಇದು ಸಖತ್ತಾಗಿದೆ ನೋಡಿ.”

“ಕೊಂಬು ಮನೀ ಒಳಗಿನ ವೈಫೈಗೆ ಸರ್. ಅವರಿಗೆ ಬೇಕಾಗಿದ್ದು ಅದಲ್ಲ. ಕರೆಂಟ್ ಹೋದ್ರ ಬ್ಯಾಟರಿ ಮ್ಯಾಲ ನಡೀಬೇಕು, ಬಂದ ಮ್ಯಾಲ ಯಾರೂ ಮುಟ್ಟಲಾರದ ತಾನ ಎದ್ದು ನಿಂದರಬೇಕು.” ಕೊಂಬಿಲ್ಲದ, ನೋಡಲು ಟಿಫಿನ್ ಡಬ್ಬಿಯಂತಿದ್ದ ಒಂದನ್ನು ಅವರು ಆರಿಸಿದರು. ಮಾಧವ ಒಪ್ಪಿದರು.

ಡಿಷ್ ಕೂರಿಸುವ ದಿನ ಗುರುಸಿದ್ದ ಆಫೀಸಿನ ತಾರಸಿಯ ಕಂಬ ಹತ್ತಿದ. ಲಕ್ಕಪ್ಪನವರು ಕೆಳಗೆ ನಿಂತು ಕೂಗಿ ಕೇಳಿದರು, “ಮುಂದ ಏನರ ಅಡ್ಡ ಐತೇನು?”

“ಬಾಜೂ ಮನೀ ಟ್ಯಾಂಕ್ ಐತಿ ಕಾಕಾ. ಅಂಚಿಗಿ ಐತಿ.”

“ಅಂಚಿಗಿ ಅಂದ್ರ ಎಷ್ಟು?”

“ಅಂಚಿಗೀ ಅಂದ್ನೆಲ್ಲ! ಸಿಗ್ನಲ್ ನೋಡು, ಹೆಂಗೈತಿ.”

ಸಿಗ್ನಲ್ ಚೆನ್ನಾಗಿತ್ತು, ಲೆಕ್ಕ ಹಾಕಿದಷ್ಟೇ ಇತ್ತು. ಮೊದಲಾಗಿದ್ದರೆ ಲಕ್ಕಪ್ಪನವರು ತಾವೇ ಹತ್ತಿ, ಡಿಷ್‌ನ ಪಕ್ಕಕ್ಕೆ ಕೆನ್ನೆ ಇಟ್ಟು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಅಂದು ಹಾಗೆ ಮಾಡಲು ಆಗಲಿಲ್ಲ. ಅಂಕಿಯನ್ನು ನಂಬಿ ಇಳಿದು ಬಾ ಎಂದರು.

ಎರಡು ದಿನ ಕಳೆಯುವಷ್ಟರಲ್ಲಿ ಹುಳಿಮಾವಿನಿಂದ ಫೋನು ಬಂತು. ಬೆಳಗ್ಗೆ ತೆಗೆದ ಚಿತ್ರಗಳು ಅರ್ಧ ಹೋಗಿ ನಿಂತಿವೆ, ಜನ ಬೆಂಚಿನ ಮೇಲೆ ಕಾಯುತ್ತಿದ್ದಾರೆ. ಮಧ್ಯಾಹ್ನದ ಹೊತ್ತಿಗೆ ಎಲ್ಲ ತಾನಾಗಿ ಸರಿಹೋಯಿತು. ಮರುದಿನ ತೊಂದರೆ ಇಲ್ಲ. ಅದರ ಮರುದಿನ ಮತ್ತೆ ಫೋನು. ಪ್ರತಿ ಸಲ ಗುರುಸಿದ್ದ ಜೆ.ಪಿ. ನಗರದ ಟ್ರಾಫಿಕ್ ದಾಟಿ ಹೋಗಿ ಹುಳಿಮಾವಿನ ಕಂಬದ ಹತ್ತಿರ ನಿಲ್ಲುವಷ್ಟರಲ್ಲಿ ಸಿಗ್ನಲ್ ಚೆನ್ನಾಗಿರುತ್ತಿತ್ತು.

“ಡಿಷ್ ಚಿಕ್ಕದಾಯ್ತು ಅನ್ಸುತ್ತೆ,” ಎಂದರು ಮಾಧವ. “ಲಕ್ಕಪ್ಪ, ಆ ಸೆಂಟರ್ ಮೇಡಂ ದಿನಾ ನಂಗೆ ಉಗೀತಿದಾರೆ. ಇನ್ನೊಂದು ಕಂಪನಿಯವರನ್ನ ಕರೆಸ್ತೀನಿ ಅಂತಾರೆ.”

ಲಕ್ಕಪ್ಪನವರು ಮತ್ತೆ ಲೆಕ್ಕ ಮಾಡಿದರು. ಸಣ್ಣ ಡಿಷ್ ಸಾಕು ಎಂದೇ ಬಂತು. ಆದರೆ ಫೋನು ನಿಲ್ಲಲಿಲ್ಲ. ಕೊನೆಗೆ ಒಂದು ದಿನ ಅವರೇ ಮಾಧವರ ಬಳಿ ಹೋಗಿ ದೊಡ್ಡ ಡಿಷ್ ತರಿಸಿ ಎಂದರು. ಅವರಿಗೆ ಅದರಲ್ಲಿ ನಂಬಿಕೆ ಇರಲಿಲ್ಲ. ಸುಮ್ಮನೆ ಕುಳಿತಿದ್ದಾರೆ ಎನ್ನಿಸಿಕೊಳ್ಳಬಾರದು ಎಂದಷ್ಟೇ ಇತ್ತು.

ದೊಡ್ಡ ಡಿಷ್ ಬಂದ ದಿನ ಅದರ ಫೋಟೋವನ್ನು ಮನೆಯಲ್ಲಿ ತೋರಿಸಿದರು. ಮುರಿಗೆವ್ವ ಹಿಟ್ಟಿನ ಕೈಯಲ್ಲೇ ಬಗ್ಗಿ ನೋಡಿದರು.

“ಇಷ್ಟ ದೊಡ್ಡ ಪರಾತ ಯಾಕ್ರೀ? ಸಣ್ಣದ ಸಾಕು ಅಂತ ನೀವ ಅಂದಿದ್ರೆಲ್ಲ?”

“ಅಂದಿದ್ದೆ.”

“ಮತ್ತ?”

“ಊಟಕ್ಕ ನೀಡು,” ಎಂದರು ಲಕ್ಕಪ್ಪನವರು.

ಗುರುಸಿದ್ದ ಎರಡು ತುದಿಗೂ ದೊಡ್ಡ ಡಿಷ್ ಏರಿಸಿದ. ಅಂದು ಮಧ್ಯಾಹ್ನದಿಂದ ಮರುದಿನವಿಡೀ ಚೆನ್ನಾಗಿ ನಡೆಯಿತು. ಮೂರನೆಯ ಬೆಳಗ್ಗೆ ಹುಳಿಮಾವಿನಿಂದ ಫೋನು ಬಂತು. ಅಂದು ಮಾಧವ ಏನೂ ಬೈಯಲಿಲ್ಲ. ತಿಂಗಳ ಕೊನೆವರೆಗೂ ನೋಡೋಣ ಎಂದಷ್ಟೇ ಹೇಳಿ ಒಳಗೆ ಹೋದರು. ಬೈದಿದ್ದರೆ ಲಕ್ಕಪ್ಪನವರಿಗೆ ಅಷ್ಟು ಭಯವಾಗುತ್ತಿರಲಿಲ್ಲ.

ಆಫೀಸಿನ ಫೋನು ಎತ್ತುವ ಶ್ವೇತಾಳ ಮನೆ ಅಲ್ಲಿಂದ ಎರಡು ಬೀದಿ ಆಚೆ. ಅಂದು ಅವಳು ತಡವಾಗಿ ಬಂದು, ಚೂಡಿದಾರದ ಒದ್ದೆ ಅಂಚು ಹಿಂಡುತ್ತ ಕುಳಿತಳು. ಫೋನು ನೋಡಿ ಹಣೆ ಚಚ್ಚಿಕೊಂಡಳು.

“ಅಯ್ಯೋ, ನಾನು ಲೇಟಾಗಿ ಬಂದ ದಿನಾನೇ ಈ ಹುಳಿಮಾವು ಮೇಡಂ ಮಿಸ್ಡ್ ಕಾಲ್ ಇರುತ್ತೆ. ಸಾರ್ ಬೈಯ್ಲಿ ಅಂತಾನೇ ಮಾಡ್ತಾರೇನೋ.”

“ನೀ ಯಾವತ್ತ ಲೇಟ್ ಬರ್ತಿ?” ಎಂದು ಲಕ್ಕಪ್ಪನವರು ಸುಮ್ಮನೆ ಕೇಳಿದರು.

“ಕಾವೇರಿ ನೀರು ಬರೋ ದಿನ ಅಣ್ಣ. ದಿನ ಬಿಟ್ಟು ದಿನ ಬರುತ್ತಲ್ಲ. ಹಿಡಿದಿಟ್ಟೇ ಬರಬೇಕು. ನಿಮಗೇನು, ಬಿಟಿಎಮ್ಮಲ್ಲಿ ಬೋರು.”

ಲಕ್ಕಪ್ಪನವರ ಮನೆಗೆ ನಲ್ಲಿಯಲ್ಲಿ ಬರುವುದು ಬೋರ್‌ವೆಲ್ ನೀರು, ದಿನವೂ ಬರುತ್ತದೆ. ಈ ಬೀದಿಗಳಲ್ಲಿ ನೀರಿಗೆ ದಿನ ಇದೆ ಎಂಬುದನ್ನು ಅವರು ಕೇಳಿದ್ದರು, ಆದರೆ ಯಾವತ್ತೂ ಗಮನಕ್ಕೆ ತಂದುಕೊಂಡಿರಲಿಲ್ಲ. ಅವರು ಎದ್ದು ತಾರಸಿಗೆ ಹೋದರು. ಪಕ್ಕದ ಮನೆಯ ಕಪ್ಪು ಟ್ಯಾಂಕಿನ ಮೇಲಿನ ಪೈಪಿನಿಂದ ನೀರು ತುಂಬಿ ಹೊರಗೆ ಸುರಿಯುತ್ತಿತ್ತು.

ಮತ್ತೆ ನೀರು ಬಂದ ದಿನ ಲಕ್ಕಪ್ಪನವರು ಆ ಮನೆಯ ಗೇಟು ತಟ್ಟಿದರು. ಮನೆ ಅನಂತರಾಮು ಎಂಬ ನಿವೃತ್ತರದು. ಅವರು ಪಂಚೆ ಎತ್ತಿ ಕಟ್ಟಿಕೊಂಡು ನೆಲದೊಳಗಿನ ಸಂಪಿನ ಮುಚ್ಚಳದ ಪಕ್ಕ ನಿಂತಿದ್ದರು.

“ಏನಪ್ಪಾ?”

ಲಕ್ಕಪ್ಪನವರು ವಿಷಯ ಹೇಳಿದರು. ಅನಂತರಾಮು ಎರಡು ಸಲ ಹೇಳಿಸಿಕೊಂಡರು.

“ನಮ್ಮ ಟ್ಯಾಂಕ್ ತುಂಬಿದ್ರೆ ಹುಳಿಮಾವಲ್ಲಿ ಎಕ್ಸ್‌ರೇ ನಿಲ್ಲುತ್ತಾ? ಏನ್ರೀ, ನಮ್ಮನೆಯವಳ ಹತ್ರ ಹೇಳ್ಬೇಡಿ, ಅದಕ್ಕೂ ನಾನೇ ಕಾರಣ ಅಂತಾಳೆ.”

“ಖಾಲಿ ಪ್ಲಾಸ್ಟಿಕ್ಕಿನ್ಯಾಗ ಸಿಗ್ನಲ್ ಹಾಯತೈತ್ರೀ ಸರ್. ನೀರಿನ್ಯಾಗ ಹಾಯೂದಿಲ್ಲ. ಬ್ಯಾರೆ ದಿನ ನೀವು ಟ್ಯಾಂಕ್ ತುಂಬಸೂದಿಲ್ಲೇನ್ರೀ?”

“ಬೇರೆ ದಿನ ಬೇಕಾದಷ್ಟು ಏರಿಸ್ತೀನಿ, ಅರ್ಧ. ಕಾವೇರಿ ದಿನ ಮಾತ್ರ ಫುಲ್. ಸಂಪಲ್ಲಿರೋದನ್ನ ಮೇಲೆ ಕಳಿಸಿದ್ರೆ ತಾನೇ ಹೊಸ ನೀರಿಗೆ ಜಾಗ? ಮಧ್ಯಾಹ್ನದೊಳಗೆ ಬಾಡಿಗೆಯವರು ಖಾಲಿ ಮಾಡ್ತಾರೆ ಬಿಡಿ.”

ಇಬ್ಬರೂ ಮೆಟ್ಟಿಲು ಹತ್ತಿ ಮೇಲೆ ಹೋದರು. ಲಕ್ಕಪ್ಪನವರು ಆಫೀಸಿನಲ್ಲಿದ್ದ ಗುರುಸಿದ್ದನಿಗೆ ಫೋನು ಮಾಡಿ ಸಿಗ್ನಲ್ ಓದುತ್ತ ಹೋಗು ಎಂದರು. ಅನಂತರಾಮು ಮೋಟರ್ ಹಾಕಿಸಿ, ಟ್ಯಾಂಕಿನ ಮೈಮೇಲೆ ಕೈಯಾಡಿಸಿ ನೀರು ಎಲ್ಲಿಗೆ ಬಂತು ಎಂದು ತಂಪಿನಿಂದ ತಿಳಿದು ಹೇಳುತ್ತಿದ್ದರು. ಅರ್ಧ ದಾಟುವವರೆಗೆ ಏನೂ ಆಗಲಿಲ್ಲ. ಆಮೇಲೆ ಗುರುಸಿದ್ದನ ಸ್ವರ ಬದಲಾಯಿತು. “ಇಳ್ಯಾಕತ್ತೈತಿ ಕಾಕಾ. ಇನ್ನೂ ಇಳೀತು. ಹೋತು, ಹೋತು.”

ಅನಂತರಾಮು ಟ್ಯಾಂಕನ್ನೇ ನೋಡುತ್ತ ನಿಂತರು. “ಪಕ್ಕಕ್ಕೆ ಸರಿಸೋಣ ಅಂದ್ರೆ ಆಗಲ್ಲ ಕಣ್ರೀ. ವಾಸ್ತು ಪ್ರಕಾರ ನೈಋತ್ಯದಲ್ಲೇ ಇರ್ಬೇಕು. ನಂಗೆ ಅದರಲ್ಲೆಲ್ಲ ನಂಬಿಕೆ ಇಲ್ಲ. ಆದ್ರೆ ಮನೇಲಿ ನಾನೊಬ್ಬನೇ ಅಲ್ವಲ್ಲ.”

“ನೀವು ಸರಸೂದು ಬ್ಯಾಡ್ರೀ ಸರ್. ನಿಮ್ಮದು ಮೊದಲಿಂದ ಐತಿ. ನಾವ ನೋಡಬೇಕಾಗಿತ್ತು.”

ಆಫೀಸಿನ ತಾರಸಿಯ ಉಳಿದ ಭಾಗದಲ್ಲಿ ಕಟ್ಟಡದ ಮಾಲೀಕರ ತಗಡಿನ ಕೋಣೆ ಇತ್ತು. ಆದ್ದರಿಂದ ಡಿಷ್ ಪಕ್ಕಕ್ಕೆ ಹೋಗುವಂತಿಲ್ಲ, ಮೇಲಕ್ಕೇ ಹೋಗಬೇಕು. ಕಂಬವನ್ನು ಒಂದಾಳುದ್ದ ಎತ್ತರಿಸಿದರೆ ಸಿಗ್ನಲ್ ಟ್ಯಾಂಕಿನ ಮೇಲಿಂದ ಹಾದುಹೋಗುತ್ತದೆ. ಆದರೆ ಅಷ್ಟು ಎತ್ತರದ ತೆಳು ಕಂಬ ದೊಡ್ಡ ಡಿಷ್‌ನ ಗಾಳಿ ತಡೆಯದು. ಆಷಾಢದ ಗಾಳಿ ಆಗಲೇ ಶುರುವಾಗಿತ್ತು. ಮತ್ತೆ ಜಾಲರಿ ಡಿಷ್‌ಗೇ ಬರಬೇಕಿತ್ತು. ಎಂದರೆ ದೊಡ್ಡದನ್ನು ತರಿಸಿದ್ದು ತಪ್ಪು ಎಂದು ಮಾಧವರಿಗೆ ಹೇಳಬೇಕಿತ್ತು. ತಿಂಗಳು ಮುಗಿಯಲು ಕೆಲವೇ ದಿನ ಉಳಿದಿದ್ದವು.

“ಟ್ಯಾಂಕ್ ಮೊನ್ನೆ ಹೊಸದಾಗಿ ಇಟ್ಟಾರ ಅಂತ ಹೇಳು,” ಎಂದ ಗುರುಸಿದ್ದ. “ಯಾರು ಕೇಳ್ತಾರ? ದೊಡ್ಡ ಡಿಷ್‌ನ್ನ ಎತ್ತರಿಸಿ ಬಿಡೂಣು. ಕಟ್ಟತೀನಿ ನಾ.”

“ಕಟ್ಟತಿ. ನಾಳೆ ಗಾಳಿಗೆ ತಿರುಗಿ ನಿಂತರ ಮತ್ತ ಯಾರು ಹತ್ತಬೇಕು?”

“ನಾನ.”

“ಅದಕ್ಕ ಬ್ಯಾಡ.”

ಲಕ್ಕಪ್ಪನವರು ಮಾಧವರ ಕೋಣೆಗೆ ಹೋಗಿ ನಿಂತೇ ಎಲ್ಲವನ್ನೂ ಹೇಳಿದರು. ಟ್ಯಾಂಕು ಮೊದಲಿನಿಂದಲೂ ಇತ್ತು ಎಂಬುದನ್ನೂ, ತಾವು ನೋಡದೆ ಅಂಕಿ ನಂಬಿದ್ದನ್ನೂ ಹೇಳಿದರು.

ಮಾಧವ ಸ್ವಲ್ಪ ಹೊತ್ತು ಪೆನ್ನು ತಿರುಗಿಸಿದರು. “ದೊಡ್ಡದು ಬೇಕು ಅಂದಿದ್ದೂ ನೀವೇ, ಬೇಡ ಅನ್ನೋದೂ ನೀವೇ.”

“ಹೌದ್ರೀ.”

“ಈ ಸಲ ಗ್ಯಾರಂಟಿನಾ?”

“ಕಾವೇರಿ ಬಂದ ದಿನ ನೋಡೂಣ್ರೀ ಸರ್. ಅದಕ್ಕಿಂತ ಮೊದಲ ನಾ ಏನೂ ಹೇಳೂದಿಲ್ಲ.”

ಕಂಬ ಎತ್ತರಿಸಿ ಜಾಲರಿ ಡಿಷ್ ಕೂರಿಸುವ ಕೆಲಸ ಅರ್ಧ ದಿನ ಹಿಡಿಯಿತು. ಮೂರು ದಿಕ್ಕಿಗೆ ತಂತಿ ಎಳೆದು ಕಟ್ಟಬೇಕಾಯಿತು. ನಡುವೆ ಒಂದು ಬೋಲ್ಟು ಕಚ್ಚಿಕೊಂಡು ಅಲ್ಲಾಡಲಿಲ್ಲ. ಗುರುಸಿದ್ದ ಮೇಲೆ ಒದ್ದಾಡುತ್ತಿದ್ದ. ಲಕ್ಕಪ್ಪನವರು ತಮಗೆ ಅರಿವಿಲ್ಲದೆ ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟರು.

“ಏ ಕಾಕಾ! ಇಳಿ. ಹತ್ತಿದೆಂದ್ರ ಕಾಕೂಗ ಫೋನ್ ಹಚ್ಚತೀನಿ ನೋಡು.”

ಅವರು ಕಾಲು ತೆಗೆದರು. ಕೆಳಗಿನಿಂದಲೇ ಹೇಳಿದರು, “ಬಿಚ್ಚಬ್ಯಾಡ. ಮೊದಲ ಒಂದಿಷ್ಟು ಬಿಗಿ ಮಾಡು. ಆಮ್ಯಾಲ ಹಿಂದ ತಿರುವು.” ಗುರುಸಿದ್ದ ಹಾಗೆ ಮಾಡಿದ. ಬೋಲ್ಟು ಸಡಿಲವಾಯಿತು. ಆಮೇಲೆ ಲಕ್ಕಪ್ಪನವರು ಅವನ ಫೋನಿನ ಕ್ಯಾಮೆರಾವನ್ನು ಡಿಷ್‌ನ ಪಕ್ಕದಲ್ಲಿ ಹಿಡಿಸಿ, ಚಿತ್ರವನ್ನು ತಮ್ಮ ಫೋನಿನಲ್ಲಿ ದೊಡ್ಡದು ಮಾಡಿ ನೋಡಿದರು. ಟ್ಯಾಂಕಿನ ಮುಚ್ಚಳ ಕೆಳಗಿತ್ತು. ಅದರ ಮೇಲೆ ಖಾಲಿ ಆಕಾಶ, ದೂರದಲ್ಲಿ ಹುಳಿಮಾವಿನ ಕಡೆಯ ಕಟ್ಟಡಗಳು. ಮತ್ತೊಂದು ಸಲ ತೆಗೆಸಿ ನೋಡಿದರು.

ನೀರು ಬಂದ ದಿನ ಬೆಳಗ್ಗೆ ಶ್ವೇತಾಳಿಗಿಂತ ಮೊದಲೇ ಲಕ್ಕಪ್ಪನವರು ಆಫೀಸಿನಲ್ಲಿದ್ದರು. ಮಾಧವರೂ ಬಂದು ಅವರ ಹಿಂದೆ ನಿಂತರು. ಪಕ್ಕದ ಮನೆಯಲ್ಲಿ ಮೋಟರ್ ಶುರುವಾಯಿತು. ಕಂಪ್ಯೂಟರ್ ತೆರೆಯ ಮೇಲಿನ ಸಿಗ್ನಲ್ ಗೆರೆ ನೇರವಾಗಿ ಹೋಗುತ್ತಿತ್ತು. ಟ್ಯಾಂಕು ತುಂಬಿ ನೀರು ಸುರಿಯುವ ಸದ್ದು ಕಿಟಕಿಯಿಂದ ಕೇಳಿಸಿತು. ಗೆರೆ ಬಾಗಲಿಲ್ಲ. ಕಾಂಪೌಂಡಿನ ಆಚೆಯಿಂದ ಅನಂತರಾಮು ಕೂಗಿದರು, “ಏನ್ರೀ, ಫುಲ್ ಆಯ್ತು! ಎಕ್ಸ್‌ರೇ ಹೋಯ್ತಾ?”

“ಹೋತ್ರೀ ಸರ್!”

ಮಾಧವ ಹುಳಿಮಾವಿಗೆ ತಾವೇ ಫೋನು ಮಾಡಿ ಕೇಳಿದರು. ಹತ್ತೂವರೆವರೆಗೆ ಬಂದವರ ಚಿತ್ರಗಳೆಲ್ಲ ಡಾಕ್ಟರಿಗೆ ತಲುಪಿದ್ದವು. ಮಾಧವ ಫೋನು ಇಟ್ಟು, “ಆ ದೊಡ್ಡ ಡಿಷ್ ಎಲ್ಲಾದ್ರೂ ಹಾಕೋಕಾಗುತ್ತಾ ನೋಡಿ,” ಎಂದರು. ಬಾಗಿಲವರೆಗೆ ಹೋಗಿ ನಿಂತರು. “ಸೋಮವಾರದಿಂದ ಸೈಟ್ ನೋಡೋದೆಲ್ಲ ನೀವೇ. ಗುರುಸಿದ್ದನ ಜೊತೆ ಇನ್ನೊಬ್ಬ ಹತ್ತೋನನ್ನ ಹುಡುಕ್ತೀನಿ.”

ಮಧ್ಯಾಹ್ನ ಊಟದ ನಂತರ ಲಕ್ಕಪ್ಪನವರು ತಮ್ಮ ಗಾಡಿಯ ಸೀಟಿನ ಕೆಳಗಿನಿಂದ ಕಂಬ ಹತ್ತುವಾಗ ಸೊಂಟಕ್ಕೆ ಕಟ್ಟುವ ಬೆಲ್ಟು ತೆಗೆದು ತಂದರು. ಗುರುಸಿದ್ದನನ್ನು ನಿಲ್ಲಿಸಿ ಸುತ್ತಿ ನೋಡಿದರು. ಅವನು ತೆಳ್ಳಗಿದ್ದ, ಕೊನೆಯ ತೂತಿಗೂ ಸಡಿಲವಾಯಿತು.

“ಉಸಿರು ಬಿಡು,” ಎಂದರು. ಪೆನ್ನಿನಿಂದ ಗುರುತು ಮಾಡಿ, ಬೆಲ್ಟನ್ನು ಮರದ ತುಂಡಿನ ಮೇಲಿಟ್ಟು, ಹೊಸ ತೂತು ಹೊಡೆಯಲು ಕುಳಿತರು.