ಆಮೆ ಉಂಡ ಮೇಲೆ ಊಟ

ಸಭೆ ಸಮಾರಂಭಗಳಲ್ಲಿ ವಂದನಾರ್ಪಣೆಯನ್ನು ಕೊನೆಗೆ ಇಡುತ್ತಾರೆ. ಅಷ್ಟು ಹೊತ್ತಿಗೆ ಅರ್ಧ ಜನ ಎದ್ದು ಚಪ್ಪಲಿ ಹುಡುಕುತ್ತಿರುತ್ತಾರೆ. ಅದಕ್ಕೇ ನನ್ನದನ್ನು ಮೊದಲೇ ಮುಗಿಸಿಬಿಡುತ್ತೇನೆ. ಸರಗೂರಿನಲ್ಲಿ ಕಳೆದ ವರ್ಷಗಳು ನನ್ನ ಬಾಳಿನ ಒಳ್ಳೆಯ ವರ್ಷಗಳಾದದ್ದಕ್ಕೆ ಕಾರಣ ಒಂದು ಆಮೆ, ಮತ್ತು ಅದು ಉಣ್ಣದೆ ತಾನು ಉಣ್ಣುವುದಿಲ್ಲವೆಂದು ಹಟ ಹಿಡಿದು ಕೂತ ಒಬ್ಬ ಅಜ್ಜಿ. ಇಬ್ಬರಿಗೂ ನಾನು ಋಣಿ. ಆಮೆಗೆ ಇದನ್ನು ತಿಳಿಸುವ ಬಗೆ ಗೊತ್ತಾಗದೆ ಇಲ್ಲಿ ಬರೆದಿಡುತ್ತಿದ್ದೇನೆ.

ಐವತ್ತರ ದಶಕದ ನಡುವಿನ ಮಾತು. ನಮ್ಮವರು ದನದ ಡಾಕ್ಟರು. ಹೆಗ್ಗಡದೇವನಕೋಟೆ ತಾಲ್ಲೂಕಿನ ಸರಗೂರಿಗೆ ವರ್ಗವಾಯಿತು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನನ್ನ ತವರು ಮಿರ್ಲೆಯ ಕಡೆ, ನಾಲೆಯ ನೀರು, ಗದ್ದೆ, ಮನೆ ತುಂಬ ಜನ. ಸರಗೂರಿನಲ್ಲಿ ನನ್ನೊಡನೆ ಮಾತಾಡಲು ಇದ್ದವರು ಗಂಡ ಒಬ್ಬರೇ. ಅವರು ದಿನವೆಲ್ಲ ದನಗಳ ಜೊತೆ ಇದ್ದು ಬಂದು ದನಗಳಷ್ಟೇ ಮಾತಾಡುತ್ತಿದ್ದರು. ಊರವರು ಮಾತ್ರ ನನಗೆ ಯಾವ ಪರೀಕ್ಷೆಯನ್ನೂ ಇಡದೆ ‘ಡಾಕ್ಟ್ರಮ್ಮ’ ಎಂಬ ಪದವಿಯನ್ನು ದಯಪಾಲಿಸಿದ್ದರು.

ಒಂದು ಬೆಳಿಗ್ಗೆ ಪೇಟೆಬೀದಿಯ ಜವಳಿ ಅಂಗಡಿಯ ಯಜಮಾನರು ಒಂದು ಬೆತ್ತದ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಮ್ಮ ಜಗಲಿ ಹತ್ತಿದರು. ಹಣೆಯಲ್ಲಿ ವಿಭೂತಿ, ಮುಖದಲ್ಲಿ ಸೂತಕದ ಕಳೆ. ಬುಟ್ಟಿಯಲ್ಲಿ ರೇಷ್ಮೆಯ ತುಂಡು, ರೇಷ್ಮೆಯ ಮೇಲೆ ಆಮೆ. ಅದರ ಬೆನ್ನಿಗೂ ಮೂರು ಗೆರೆ ವಿಭೂತಿ ಎಳೆದಿತ್ತು.

“ಊಟ ಬುಟ್ಟದೆ ಕಣ್ರೀ ಡಾಕ್ಟ್ರೆ. ಒಸಿ ನೋಡಿ.”

“ಯಜಮಾನ್ರೆ, ನಮ್ಮ ಇಲಾಖೆ ದನ, ಎಮ್ಮೆ, ಕುರಿ, ಮೇಕೆಗೆ. ಇದಕ್ಕೆ ಗೊರಸು ಎಲ್ಲದೆ?”

“ಗೊರಸು ಇಲ್ದಿದ್ರೆ ಹಸಿವೂ ಇರಲ್ವಾ? ಆಮೆ ವಿಚಾರ ಬುಡಿ. ಇದು ಉಣ್ಣೋಗಂಟ ನಮ್ಮವ್ವ ಉಣ್ಣಲ್ಲ. ಬರೀ ಒಂದ್ ಲೋಟ ಹಾಲಲ್ಲೇ ಅವ್ರೆ. ಎದ್ರೆ ಗೋಡೆ ಹಿಡ್ಕೋತಾರೆ.”

ಆಮೇಲೆ ಜಗಲಿಯ ಮೇಲೆ ಕೂತು ಕತೆಯನ್ನೆಲ್ಲ ಹೇಳಿದರು. ಅವರ ತಂದೆ ಒಂದು ಕಾರ್ತೀಕ ಸೋಮವಾರ ಕೋಟೆಯ ಸಂತೆಯಿಂದ ಗಾಡಿಯಲ್ಲಿ ಬರುವಾಗ ಕುರುಚಲು ಕಾಡಿನ ದಾರಿಯಲ್ಲಿ ಈ ಆಮೆ ಎತ್ತುಗಳ ಮುಂದೆ ಬಂದು ನಿಂತಿತಂತೆ. ಶಿವನ ಗುಡಿಯಲ್ಲಿ ಬಸವಣ್ಣನ ಮುಂದೆ ಕಲ್ಲಿನಲ್ಲಿ ಕೆತ್ತಿರುವ ಆಮೆಯೇ ತನ್ನ ಗಾಡಿಯ ಮುಂದೆ ಜೀವಂತವಾಗಿ ಬಂದಿದೆಯೆಂದು ಅವರು ಅದನ್ನು ಮನೆಗೆ ತಂದು ದೇವರ ಕೋಣೆಯಲ್ಲಿ ಹಿತ್ತಾಳೆ ಹರಿವಾಣದಲ್ಲಿ ಕೂರಿಸಿದರು. ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡರು. ಅಜ್ಜಿ ಅಂದಿನಿಂದ ಹೊಸಿಲು ದಾಟಲಿಲ್ಲ. ಗಂಡ ತಂದ ಜೀವವನ್ನು ನೋಡಿಕೊಂಡು ಒಳಗೇ ಉಳಿದರು. ಆಮೆಗೆ ನಿತ್ಯ ಎಣ್ಣೆ ನೀವಿ ಸ್ನಾನ, ವಿಭೂತಿ, ತುಪ್ಪದ ದೀಪ. ನೈವೇದ್ಯಕ್ಕೆ ಹಾಲನ್ನ, ಬಾಳೆಹಣ್ಣು, ಸೋಮವಾರ ಸಜ್ಜಿಗೆ. ಅದು ಬಾಯಿಟ್ಟು ಬಿಟ್ಟದ್ದೇ ಅಜ್ಜಿಗೆ ಪ್ರಸಾದ. ಅದೇ ಅವರ ಊಟ. ಒಂದು ಹುಲ್ಲಿನೆಸಳಾಗಲಿ ಒಂದು ಬಿಸಿಲ ಕೋಲಾಗಲಿ ಆ ಕೋಣೆಗೆ ಬಂದದ್ದಿಲ್ಲ. ಇಷ್ಟು ಭಕ್ತಿಯಿಂದ ಒಂದು ಪ್ರಾಣಿಯನ್ನು ಕೊಲ್ಲುವುದು ಸುಲಭವಲ್ಲ. ಅದಕ್ಕೆ ವರ್ಷಗಟ್ಟಲೆ ಶ್ರದ್ಧೆ ಬೇಕು.

ನಮ್ಮವರು ಆಮೆಯನ್ನು ಎತ್ತಿ ನೋಡಿದರು. ಕಣ್ಣುಗಳು ಊದಿ ಮುಚ್ಚಿಕೊಂಡಿದ್ದವು. ಕಾಲುಗಳು ಮೈಯ ಭಾರ ತಾಳದೆ ಅಕ್ಕಪಕ್ಕಕ್ಕೆ ಚಾಚಿಕೊಂಡಿದ್ದವು. ಚಿಪ್ಪನ್ನು ಒತ್ತಿದರೆ ಹಪ್ಪಳದ ಹಿಟ್ಟಿನ ಹಾಗೆ ತಗ್ಗುತ್ತಿತ್ತು. “ಇದು ಉಳಿಯಲ್ಲ” ಎಂದು ನನ್ನ ಕಡೆ ನೋಡಿದರು. ಯಜಮಾನರೂ ನನ್ನ ಕಡೆಯೇ ನೋಡಿದರು. ಅವರು ತಾಯಿಯ ಮಾತಾಡುತ್ತಿದ್ದರು, ಇವರು ಆಮೆಯ ಮಾತಾಡುತ್ತಿದ್ದರು. ನಾನು ಬುಟ್ಟಿಯನ್ನು ಕೈಗೆ ತೆಗೆದುಕೊಂಡೆ.

“ಒಂದು ಮಾತು, ಡಾಕ್ಟ್ರಮ್ಮ,” ಎಂದರು ಯಜಮಾನರು ಇಳಿಯುವಾಗ, ತೀರ ಸಂಕೋಚದಿಂದ. “ನಿಮ್ ಮನೇಲಿ ಮೊಟ್ಟೆ ಗಿಟ್ಟೆ ಮಾಡ್ತೀರಿ. ನಾನು ಬ್ಯಾಡ ಅನ್ನಲ್ಲ. ಅದಕ್ಕೆ ಮಾತ್ರ ಸೋಕಿಸ್ಬ್ಯಾಡಿ.”

ಹೀಗೆ ನಮಗಿಂತ ಹೆಚ್ಚು ಮಡಿವಂತನಾದ ಅತಿಥಿಯೊಬ್ಬ ನಮ್ಮಲ್ಲಿಗೆ ಬಂದ. ಆಮೆ ಹೊಕ್ಕ ಮನೆ ಉದ್ಧಾರವಾಗುವುದಿಲ್ಲ ಎಂಬ ಮಾತು ಹುಣಸೂರಿನಲ್ಲಿದ್ದ ನಮ್ಮ ಅತ್ತೆಯ ಬಾಯಲ್ಲಿ ಸದಾ ಇತ್ತು. ಅದಕ್ಕೆ ನಾನು ಪಕ್ಕದ ಓಣಿಯಿಂದ ಸುತ್ತಿಕೊಂಡು ಹೋಗಿ ನೇರ ಹಿತ್ತಲಿಗೆ ಇಳಿಸಿದೆ. ಶಾಸ್ತ್ರದ ಪ್ರಕಾರ ಅದು ಮನೆ ಹೊಗಲೇ ಇಲ್ಲ.

“ಆಮೆ ಅಂದ್ಮೇಲೆ ನೀರು ಬೇಕು ಕಣೇ,” ಎಂದು ನಮ್ಮವರು ಬಾನಿಯ ತುಂಬ ನೀರು ತುಂಬಿದರು. ನಾಲೆಯ ಕಡೆಯಿಂದ ಬಂದ ನನಗೂ ಅದು ಸರಿಯೆನಿಸಿತು. ಮಿರ್ಲೆಯಲ್ಲಿ ನೀರು ಬಿಟ್ಟು ಬದುಕುವ ಆಮೆಯನ್ನು ಯಾರೂ ಕಂಡಿರಲಿಲ್ಲ. ಆಮೆಯನ್ನು ಬಿಟ್ಟೆವು. ಅದು ರುಬ್ಬುವ ಗುಂಡಿನಷ್ಟೇ ಚೆನ್ನಾಗಿ ಈಜಿತು. ತಳಕ್ಕೆ ಮುಟ್ಟುವ ಮೊದಲೇ ನಾನು ಮೊಣಕೈವರೆಗೆ ಕೈ ಮುಳುಗಿಸಿ, ಸೀರೆ ನೆನೆಸಿಕೊಂಡು ಎತ್ತಿದೆ. ಕಾಡಿನ ದಾರಿಯಲ್ಲಿ ಸಿಕ್ಕಿದ್ದು ಕಾಡಿನದೇ ಇರಬೇಕಲ್ಲವೇ ಎಂದು ಆಗ ಹೊಳೆಯಿತು. ನಮ್ಮವರು ಗಂಭೀರವಾಗಿ “ಸ್ನಾನ ಆಯ್ತು” ಎಂದರು.

ಆಮೇಲೆ ಗಂಡನನ್ನು ಕೇಳುವುದನ್ನು ಬಿಟ್ಟು ಆಮೆಯನ್ನೇ ನೋಡುತ್ತ ಕೂತೆ. ಎಳೆಬಿಸಿಲಲ್ಲಿ ಇಟ್ಟರೆ ಕತ್ತು ಸ್ವಲ್ಪ ಹೊರಗೆ ಬರುತ್ತಿತ್ತು, ಬಿಸಿಲೇರಿದರೆ ಒಳಗೆ. ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ಕಣ್ಣು ಒರೆಸಿದೆ. ತಟ್ಟೆಯಲ್ಲಿ ಗೆಣ್ಣುದ್ದ ನೀರಿಟ್ಟು ಕೂರಿಸಿದರೆ ಕುಡಿಯಿತು. ಬೆನ್ನಿನ ಎಣ್ಣೆಜಿಡ್ಡು ಬಿಟ್ಟಾಗ ಕೆಳಗೆ ಹಳದಿ ನಕ್ಷತ್ರಗಳು ಕಂಡವು. ಅಷ್ಟು ವರ್ಷ ವಿಭೂತಿಯ ಅಡಿಯಲ್ಲಿ ಅವು ಸುಮ್ಮನೆ ಇದ್ದವು.

ಆದರೆ ತಿನ್ನಲಿಲ್ಲ. ಯಜಮಾನರು ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಓಣಿಯಲ್ಲಿ ನಿಂತು ಕೇಳುತ್ತಿದ್ದರು, “ತಿಂತಾ?” ಇಲ್ಲವೆಂದರೆ ಅಂಗಡಿಯ ಕಡೆ ತಿರುಗಿ ನಡೆಯುತ್ತಿದ್ದರು. ಅವರ ಬೆನ್ನು ನೋಡಿ ನನಗೂ ಅನ್ನ ಸೇರುತ್ತಿರಲಿಲ್ಲ. ಹೀಗೆ ಒಂದು ಆಮೆಯಿಂದ ಎರಡು ಮನೆಗೆ ಉಪವಾಸ.

ಕೊನೆಗೆ ಒಂದು ಬೆಳಿಗ್ಗೆ ಬೇಲಿಯ ಮೇಲಿನ ಕುಂಬಳದ ಹೂವೊಂದು ಅದರ ಮುಂದೆ ಬಿತ್ತು. ಒಂದು ಕಣ್ಣು ತೆರೆಯಿತು. ಕತ್ತು ಚಾಚಿತು. ಹೂವಿನ ಅಂಚು ಮಾಯವಾಯಿತು. ನಾನು ತಲೆಗೆ ಸೆರಗು ಹೊದೆಯುವುದನ್ನೂ ಮರೆತು ಪೇಟೆಬೀದಿಗೆ ಓಡಿದೆ. ಡಾಕ್ಟ್ರಮ್ಮನವರು ಬೀದಿಯಲ್ಲಿ ಓಡಿದ್ದು ಸರಗೂರಿನಲ್ಲಿ ಬಹಳ ದಿನ ಮಾತಾಯಿತು.

ಮಾರನೆಯ ದಿನ ಯಜಮಾನರು ಓಣಿಯಲ್ಲಿ ನಿಲ್ಲಲಿಲ್ಲ, ಹಿತ್ತಲಿಗೇ ಬಂದರು.

“ಇನ್ನೊಂದೆರಡು ಹೂವ ಕೊಡ್ರೀ.”

“ಆಮೆಗೆ ಇಟ್ಟಿದ್ದೀನಿ.”

“ಆಮೆಗಲ್ಲ, ಅವ್ವಂಗೆ! ಅದು ತಿಂದಿದ್ದು ಕುಂಬಳದ ಹೂವು, ನಂಗೂ ಅದೇ ಪ್ರಸಾದ, ಹಾಲನ್ನ ಬ್ಯಾಡ ಅಂತ ಕುಂತವ್ರೆ. ಪಲ್ಯ ಮಾಡಿ ಕೊಟ್ರು ನಮ್ಮನೆಯವ್ರು. ಪೂರಾ ತಿಂದ್ರು ಕಣ್ರೀ!”

ನಾನು ನಕ್ಕೆ. ಆದರೆ ಮುಂದಿನ ವಾರ ಆಮೆ ಗರಿಕೆ ತಿಂದಿತು. ಯಜಮಾನರು ಬಿಳಿಚಿಕೊಂಡು ಬಂದು ನಿಂತರು. “ಡಾಕ್ಟ್ರಮ್ಮ, ಗರಿಕೇನ ಅರೆಸ್ಕಂಡು ಕುಡುದ್ರು. ನಾಳೆ ಇನ್ನೇನ್ ತಿನ್ನಿಸ್ತೀರೋ ನಂಗೆ ಮೊದ್ಲೇ ಹೇಳ್ಬುಡಿ.”

ಅಂದಿನಿಂದ ನನ್ನ ಹೊಣೆ ಹೆಚ್ಚಾಯಿತು. ಆಮೆಯ ಮುಂದೆ ಏನನ್ನಾದರೂ ಇಡುವ ಮೊದಲು, ಹಲ್ಲು ಸರಿಯಿಲ್ಲದ ಹಿರಿಯರೊಬ್ಬರು ಇದನ್ನು ಅಗಿಯಬಲ್ಲರೇ ಎಂದು ಯೋಚಿಸಬೇಕಾಯಿತು. ಹೊನಗೊನೆ ಸೊಪ್ಪು, ನುಗ್ಗೆ ಸೊಪ್ಪು, ಗಣಿಕೆ ಸೊಪ್ಪು, ದಾಸವಾಳದ ಹೂ. ಪಾಪಾಸುಕಳ್ಳಿಯ ಹಣ್ಣನ್ನು ಅದು ಬಹಳ ಆಸೆಪಟ್ಟು ತಿನ್ನುತ್ತಿತ್ತು. ಮುಳ್ಳಿಗೆ ಹೆದರಿ ಆ ಸುದ್ದಿಯನ್ನು ಜವಳಿ ಅಂಗಡಿಗೆ ಮುಟ್ಟಿಸಲಿಲ್ಲ. ಚಿಪ್ಪು ಗಟ್ಟಿಯಾಗಲು ಸುಣ್ಣದಂಶ ಬೇಕು, ಮೊಟ್ಟೆಯ ಸಿಪ್ಪೆ ಪುಡಿ ಮಾಡಿ ಹಾಕು ಎಂದರು ನಮ್ಮವರು. ಅದಂತೂ ಆಗದ ಮಾತು. ಕೃಷ್ಣರಾಜನಗರದ ಗ್ರಂಧಿಗೆ ಅಂಗಡಿಯಲ್ಲಿ, ಬೇರು ನಾರಿನ ಜೊತೆ, ಕಡಲನೊರೆ ಎಂದು ಬೆಳ್ಳಗಿನ ಹಗುರ ವಸ್ತುವೊಂದನ್ನು ಮಾರುತ್ತಿದ್ದರು. ಸಮುದ್ರದ ನೊರೆ ಒಣಗಿ ಗಟ್ಟಿಯಾದದ್ದು ಎಂದು ಎಲ್ಲರ ನಂಬಿಕೆ. ತವರಿಗೆ ಹೋದಾಗ ಅಲ್ಲಿಂದ ಒಂದಿಷ್ಟು ಕೊಂಡುಬಂದೆ. ನಮ್ಮವರು ಅದನ್ನು ಬೆಳಕಿಗೆ ಹಿಡಿದು, “ಇದು ನೊರೆಯಲ್ಲ ಕಣೇ, ಕಡಲಿನ ಯಾವುದೋ ಜೀವಿಯ ಮೂಳೆ” ಎಂದರು. ಆ ವಿದ್ಯೆಯನ್ನು ಹೊಸಿಲ ಒಳಗೇ ಇಟ್ಟುಕೊಳ್ಳುವಂತೆ ಅವರಲ್ಲಿ ಕೈಮುಗಿದು ಕೇಳಿಕೊಂಡೆ. ಯಜಮಾನರಿಗೆ, ಔಷಧಿ ಊಟದ ಲೆಕ್ಕಕ್ಕೆ ಬರುವುದಿಲ್ಲ, ಅವ್ವ ಅದನ್ನು ತಿನ್ನುವ ಹಾಗಿಲ್ಲ ಎಂದು ತೀರ್ಪು ಕೊಟ್ಟೆ. ಪದವಿ ಸಿಕ್ಕ ಮೇಲೆ ಒಮ್ಮೆಯಾದರೂ ಬಳಸಬೇಕಲ್ಲ.

ಮುಂದೆ ಹುಣಸೂರಿಗೆ, ಪಿರಿಯಾಪಟ್ಟಣಕ್ಕೆ ವರ್ಗವಾಗಿ ಹೋದಾಗಲೂ ನಮ್ಮ ಹಿತ್ತಲಿಗೆ ಇಂಥ ಅತಿಥಿಗಳು ಬರುತ್ತಲೇ ಇದ್ದರು. ಹಾಳು ಬಾವಿಯಲ್ಲಿ ಬಿಟ್ಟು ಮರೆತುಹೋದ ನೀರಾಮೆ, ಸೊಂಟಕ್ಕೆ ಹಗ್ಗ ಕಟ್ಟಿ ಆಟಕ್ಕೆ ಸಾಕಿ ಬೇಸರವಾದ ಉಡ. ಅವುಗಳ ಮುಂದೆ ತೋಚಿದ್ದನ್ನು ಇಡುತ್ತಿದ್ದೆ. ಈ ಮೊದಲನೆಯದಕ್ಕೆ ಮಾತ್ರ ತಟ್ಟೆ ಇಡುವಾಗಲೆಲ್ಲ ಎರಡೆರಡು ಸಲ ಯೋಚಿಸುತ್ತಿದ್ದೆ. ಇದರ ಬಾಯಿಗೆ ಇನ್ನೊಂದು ಬಾಯನ್ನು ಕಟ್ಟಿಹಾಕಿತ್ತು.

ಚಳಿಗಾಲ ಮುಗಿಯುವಷ್ಟರಲ್ಲಿ ಆಮೆ ಕಾಲೂರಿ ಎದ್ದು ಹಿತ್ತಲ ಒಂದು ಬೇಲಿಯಿಂದ ಇನ್ನೊಂದಕ್ಕೆ ಅಮಲ್ದಾರರು ತನಿಖೆಗೆ ಬಂದಂತೆ ನಡೆಯತೊಡಗಿತು. ಚಿಪ್ಪು ಒರಟಾಗಿ, ಉಬ್ಬುತಗ್ಗಾಗಿ, ಆದರೂ ಗಟ್ಟಿಯಾಯಿತು. ಅತ್ತ ಅಜ್ಜಿ ಸೊಪ್ಪು ಬಿಡಿಸಲು ಒಳಕೋಣೆ ಬಿಟ್ಟು ಹಿತ್ತಲ ಬಾಗಿಲಲ್ಲಿ ಕೂರುತ್ತಾರೆಂದೂ ಗೋಡೆ ಹಿಡಿಯುವುದು ನಿಂತಿದೆಯೆಂದೂ ಸುದ್ದಿ ಬಂತು. ನಾನು ಇಬ್ಬರು ರೋಗಿಗಳನ್ನೂ ಒಂದೇ ತಟ್ಟೆಯಲ್ಲಿ ಗೆದ್ದೆನೆಂದು ಬೀಗಿದೆ.

ಅಷ್ಟರಲ್ಲಿ ಬೇಸಗೆ ಬಂತು. ಆಮೆ ಕುಂಬಳದ ಬಳ್ಳಿಯ ಬುಡದಲ್ಲಿ ಮಣ್ಣು ಕೆದರಿ ಅರ್ಧ ಹುದುಗಿಕೊಂಡು ತಲೆ ಒಳಗೆಳೆದುಕೊಂಡಿತು. ಹೂವಿಟ್ಟರೆ ಹೂ ಬಾಡಿತು. ಸೊಪ್ಪಿಟ್ಟರೆ ಸೊಪ್ಪು ಒಣಗಿತು. ಮುಟ್ಟಿದರೆ ಕಾಲು ಎಳೆದುಕೊಳ್ಳುತ್ತಿತ್ತು, ಚಿಪ್ಪು ಕಲ್ಲಿನಂತಿತ್ತು. ರೋಗವಲ್ಲ, ಬಿಸಿಲಿಗೆ ಮಲಗಿದೆ ಎಂಬುದು ನನಗೆ ತಿಳಿಯಿತು. ಅತ್ತ ಪೇಟೆಬೀದಿಯ ಮನೆಯೊಳಗೆ ಅಜ್ಜಿಯ ಊಟ ಮತ್ತೆ ಒಂದು ಲೋಟ ಹಾಲಿಗೆ ಇಳಿಯಿತು.

“ತಿಂತು ಅಂತ ಒಂದ್ ಸುಳ್ಳು ಹೇಳ್ಬುಡಿ ತಾಯಿ,” ಎಂದು ಯಜಮಾನರು ನನ್ನ ಮುಂದೆ ಕೈಮುಗಿದರು. ಅಂಗಡಿಯಲ್ಲಿ ಗಜಕ್ಕೆ ಒಂದು ಬೆರಳು ಕಡಿಮೆ ಅಳೆಯದ ಮನುಷ್ಯ. “ಪಾಪ ನನ್ ತಲೆ ಮ್ಯಾಲಿರ್ಲಿ.”

ನಾಲಿಗೆಯ ತುದಿಗೆ ಬಂದಿತ್ತು. ಆದರೆ ಇವತ್ತು ಹೇಳಿದರೆ ನಾಳೆಯೂ ಹೇಳಬೇಕು, ಮಳೆ ಬರುವವರೆಗೆ ಹೇಳಬೇಕು. “ಅವರನ್ನೇ ಕರ್ಕೊಂಡು ಬನ್ನಿ. ಕಣ್ಣಾರೆ ನೋಡಲಿ” ಎಂದೆ.

“ಹೊಸಿಲು ದಾಟಿಲ್ವಲ್ರೀ ಅವ್ರು!”

“ಆಮೆ ದಾಟ್ಲಿಲ್ವಾ?”

ಮಾರನೆಯ ದಿನ ಬೆಳಿಗ್ಗೆ ಕಮಾನು ಗಾಡಿ ಓಣಿಗೆ ಬಂತು. ಇಳಿದವರು ಹಿಡಿಯಷ್ಟು ಮೈಯ, ಬೆಳ್ಳಗಿನ ಅಜ್ಜಿ. ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು, ಮಗನ ಕೈ ಕೊಡವಿ, ಬಳ್ಳಿಯ ಬುಡದಲ್ಲಿ ಹೋಗಿ ಕೂತರು.

“ಸತ್ತೋಗದಾ?”

“ಇಲ್ಲ ಅವ್ವ, ಮಲಗಿದೆ. ಮುಟ್ಟಿ ನೋಡಿ.”

ಮುಟ್ಟಿದರು. ಆಮೆ ಕಾಲು ಎಳೆದುಕೊಂಡಿತು. ಅಜ್ಜಿ ಚಿಪ್ಪಿನ ಮೇಲೆ ಬೆರಳಿನ ಗೆಣ್ಣಿನಿಂದ ಬಾಗಿಲು ತಟ್ಟುವಂತೆ ತಟ್ಟಿದರು. “ಕಲ್ಲಾದಂಗದೆ,” ಎಂದರು. ಆಮೇಲೆ ನಕ್ಷತ್ರಗಳನ್ನು ಒಂದೊಂದಾಗಿ ಸವರಿದರು. “ಇವೆಲ್ಲಿದ್ವು?”

“ಅಲ್ಲೇ ಇದ್ವು ಅವ್ವ.”

ಬಹಳ ಹೊತ್ತು ಕೂತರು. ಬಿಸಿಲೇರಿತು. ಯಜಮಾನರು ಅಂಗಡಿಯ ಕಡೆಗೂ ತಾಯಿಯ ಕಡೆಗೂ ನೋಡುತ್ತ ನಿಂತರು. ನಾನು ಸೌತೆಕಾಯಿ ಹೆಚ್ಚಿ ಉಪ್ಪು ಸವರಿ ತಟ್ಟೆಯಲ್ಲಿ ತಂದಿಟ್ಟೆ. ನಮ್ಮ ಮನೆಯ ಅಡಿಗೆ ಅವರು ಮುಟ್ಟುವಂತಿರಲಿಲ್ಲ. ಹಸಿಕಾಯಿಗೆ ಮೈಲಿಗೆ ಇಲ್ಲ. ಇಟ್ಟದ್ದು ಆಮೆಗೋ ಅಜ್ಜಿಗೋ ಎಂದು ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

“ಉಪಾಸ ಮಾಡ್ತಾ ಅದಾ ಇದು?” ಎಂದರು ಕೊನೆಗೆ.

“ಉಪವಾಸ ಅಲ್ಲ ಅವ್ವ. ಅದಕ್ಕೆ ಹಸಿವಿಲ್ಲ, ಅಷ್ಟೆ.”

“ಆಗ್ಲೂ ಇರ್ನಿಲ್ವೇನೋ. ಹಾಲನ್ನ ಇಟ್ಟಾಗ ಬಾಯಿ ಮುಚ್ಕತ್ತಿತ್ತು. ನಾನೇ ಬುಡ್ದೆ ಬಾಯಿಗೆ ಹಚ್ತಿದ್ದೆ.” ಚಿಪ್ಪಿನ ಅಂಚಿನ ಮಣ್ಣನ್ನು ಬೆರಳಿನಿಂದ ಒರೆಸಿದರು. “ಬಸವಣ್ಣನೂ ಬಿಸಿಲಲ್ಲೇ ಕುಂತವ್ನೆ, ಗುಡಿ ಮುಂದೆ. ನಾನ್ ಯಾಕೆ ಇದ್ನ ಒಳಗ್ ಮಡಗ್ದೆ?”

ಆಮೆಯ ಮುಂದೆ ಒಣಗಿ ಬಿದ್ದಿದ್ದ ಸೊಪ್ಪನ್ನು ನಾನು ಎತ್ತಿ ಬದಿಗೆ ಹಾಕಿದೆ.

“ಅದಕ್ಕೆ ಹಸಿವಿಲ್ಲ,” ಎಂದರು ಅಜ್ಜಿ, ತಮಗೇ ಹೇಳಿಕೊಂಡಂತೆ. “ನಂಗದೆ.”

ತಟ್ಟೆ ಹತ್ತಿರಕ್ಕೆಳೆದುಕೊಂಡು ಒಂದು ಹೋಳು ಬಾಯಿಗಿಟ್ಟರು. ಇದ್ದ ಹಲ್ಲುಗಳ ಕಡೆಗೆ ತಳ್ಳಿಕೊಂಡು ಅಗಿದರು. ಆ ಕರಕರ ಸದ್ದಿಗೆ ಯಜಮಾನರ ಕಣ್ಣಲ್ಲಿ ನೀರು ಬಂತು.

“ಏನ್ಲಾ ನೋಡ್ತಿಯ, ಸೌತೆಕಾಯ್ ಕಂಡಿಲ್ವಾ? ಮನೇಲಿ ಏನ್ ಅಡ್ಗೆ ಮಾಡವ್ರೆ ಇವತ್ತು?”

ಅಷ್ಟು ತಿಂಗಳು ಆಮೆಯ ಊಟದ ವರದಿ ಹೊತ್ತ ಮಗನಿಗೆ ತನ್ನ ಮನೆಯ ಅಡಿಗೆ ಏನೆಂದು ನೆನಪಾಗಲಿಲ್ಲ.

ಅಜ್ಜಿ ಆಮೆಯನ್ನು ಅಲ್ಲೇ ಬಿಟ್ಟುಹೋದರು. ತಮ್ಮ ಹಿತ್ತಲಲ್ಲಿ ಬಿಲ್ವದ ಮರದ ಸುತ್ತ ಮಣ್ಣಿನ ಮೋಟುಗೋಡೆ ಎತ್ತಿಸುತ್ತೇನೆ, ಅಲ್ಲಿಯವರೆಗೆ ನಿನ್ನ ಹತ್ತಿರ ಇರಲಿ ಎಂದರು. ಆಮೆ ಎದ್ದದ್ದು ಮುಂಗಾರಿನ ಮೊದಲ ಮಳೆಗೆ. ಕೆಸರು ಮೆತ್ತಿದ ಮೂತಿ ಹೊರಹಾಕಿ ಎಳೆಗರಿಕೆಗೆ ಬಾಯಿಟ್ಟಿತು. ಆಗಲೇ ಜವಳಿ ಅಂಗಡಿಗೆ ಹೇಳಿಕಳಿಸಿದೆ.

ಉತ್ತರ ಬಂತು: “ಅವ್ವ ಊಟಕ್ಕೆ ಕುಂತವ್ರೆ. ಮುಗಿಸ್ಕಂಡು ಬತ್ತಾರಂತೆ.”