ಹೊರಗೆ ಹೋಗುವ ದಾರಿ ಬರೆಸಿದವರು

ನಮ್ಮ ಆಡಿಟರ್ ಅವರ ಬಲಗೈ ತೋರುಬೆರಳು ಮಡಚುತ್ತಿರಲಿಲ್ಲ. ಪೆನ್ನನ್ನು ಹೆಬ್ಬೆರಳಿಗೂ ನಡುಬೆರಳಿಗೂ ಸಿಕ್ಕಿಸಿಕೊಂಡು ಬರೆಯುವಾಗ ಆ ಬೆರಳು ಮಾತ್ರ ನೆಟ್ಟಗೆ ನಿಂತು ಎದುರು ಕೂತವರನ್ನು ತೋರಿಸುತ್ತಿತ್ತು. ಬಲಗೈ ಎಂದೇ ನನ್ನ ನೆನಪು. ಅವರು ಎಡಚರಾಗಿದ್ದರು ಎನ್ನುತ್ತಾನೆ ನನ್ನ ಪಾಲುದಾರ ಗೆಳೆಯ. ಪುರಾವೆಯಿಲ್ಲದೆ ಯಾರನ್ನೂ ನಂಬಬಾರದೆಂದು ಚರಿತ್ರೆಯಲ್ಲಿ ಎಂ.ಎ. ಓದುವಾಗ ಕಲಿತೆ. ನಂಬಬಾರದವರ ಪಟ್ಟಿಯಲ್ಲಿ ಈಗ ನಾನೂ ಇದ್ದೇನೆ.

ಕೊಪ್ಪದ ಬಸ್ ನಿಲ್ದಾಣದ ಹತ್ತಿರ, ಔಷಧಿ ಅಂಗಡಿಯ ಮಹಡಿಯಲ್ಲಿ ಅವರ ಆಫೀಸು. ನಾನೂ ನರಸಿಂಹರಾಜಪುರದಲ್ಲಿ ಲೇತ್ ವರ್ಕ್‌ಶಾಪ್ ಇಟ್ಟುಕೊಂಡಿದ್ದ ಈ ಗೆಳೆಯನೂ ಕಾಳುಮೆಣಸನ್ನು ಗೊಂಚಲಿನಿಂದ ಬಿಡಿಸುವ ಸಣ್ಣ ಯಂತ್ರದ ಕಂಪನಿ ಕಟ್ಟಲು ಹೊರಟಾಗ ಮೊದಲು ದುಡ್ಡು ಹಾಕಿದವರು ಅವರೇ. ಒಂದೇ ಷರತ್ತು: ಯಾರು, ಯಾವಾಗ, ಹೇಗೆ ಹೊರಗೆ ಹೋಗಬೇಕೆಂದು ಮೊದಲೇ ಬರೆದಿಡಬೇಕು.

"ಮದುವೆ ಮಂಟಪದಲ್ಲೇ ಸೋಡಚೀಟಿ ಬರೆಸ್ತೀರಲ್ಲ ಸಾರ್," ಎಂದ ಗೆಳೆಯ.

"ಅಲ್ಲೇ ಬರೆಸ್ಬೇಕು ಮಾರಾಯ. ಆಗ ಇಬ್ರೂ ನಗ್ತಾ ಇರ್ತಾರೆ."

ಮೂರು ಸಂಜೆ ಬರೆಸಿದರು. ನನಗೆ ಬೇಸರ ಬಂದರೆ, ಗೆಳೆಯ ಸತ್ತರೆ, ಕಂಪನಿಯನ್ನೇ ಯಾರಾದರೂ ಕೊಳ್ಳಲು ಬಂದರೆ, ಮುಚ್ಚಬೇಕಾದರೆ. "ಹೆದರ್ಬೇಡಿ, ಬರೆದ್ರೆ ಯಾರೂ ಸಾಯಲ್ಲ" ಎನ್ನುತ್ತಿದ್ದರು. ಉಳಿದ ಇಬ್ಬರೂ ಒಪ್ಪದೆ ಯಾರ ಷೇರೂ ಹೊರಗಿನವರಿಗೆ ಹೋಗಕೂಡದು ಎಂಬ ಸಾಲೂ ಅವರದೇ. ದೊಡ್ಡವರು ಬಂದು ನಮ್ಮನ್ನು ನುಂಗಬಾರದೆಂದು. ಅವರದೇ ಸರದಿ ಬಂದಾಗ "ನಂದು ಆಮೇಲೆ ನೋಡಾಣ" ಎಂದು ಹಾಳೆ ಮಡಚಿದರು. ನಾವೂ ಒತ್ತಾಯಿಸಲಿಲ್ಲ. ಹಿರಿಯರ ಮುಖ ನೋಡಿ 'ನಿಮಗೇನಾದರೂ ಆದರೆ?' ಎಂದು ಕೇಳುವುದು ನಮ್ಮ ಕಡೆ ಆಗದ ಮಾತು.

ಯಂತ್ರ ಓಡಿತು. ಹೊಸದೊಂದು ಯಾರದಾದರೂ ತೋಟಕ್ಕೆ ಹೊರಟಾಗಲೆಲ್ಲ ಅವರೂ ಜೀಪು ಹತ್ತಿ ಬಸರೀಕಟ್ಟೆಯವರೆಗೆ ಬರುತ್ತಿದ್ದರು. ಲಾಭ ಎಷ್ಟೆಂದು ನಮ್ಮನ್ನು ಕೇಳಿದ್ದು ಕಡಿಮೆ. ಅದುವರೆಗೆ ಮೆಣಸನ್ನು ಕಾಲಲ್ಲಿ ತುಳಿದು ಬಿಡಿಸುತ್ತಿದ್ದ ಹೆಂಗಸರನ್ನು "ಕಾಲುರಿ ಹೋಯ್ತೇನ್ರೇ?" ಎಂದು ಮಾತ್ರ ತಪ್ಪದೆ ಕೇಳುತ್ತಿದ್ದರು.

ಐದನೆಯ ವರ್ಷ ಹೊರರಾಜ್ಯದ ದೊಡ್ಡ ಕಂಪನಿಯೊಂದು ಅವರ ಷೇರನ್ನಷ್ಟೇ ಒಳ್ಳೆಯ ಬೆಲೆಗೆ ಕೇಳಿತು. ಗೆಳೆಯ ಸಹಿ ಹಾಕಿದ. ನನ್ನದು ಬಾಕಿ. ಆಡಿಟರೇ ಶೃಂಗೇರಿಯ ಹೋಟೆಲೊಂದರಲ್ಲಿ ನನ್ನೊಬ್ಬನನ್ನೇ ಕೂರಿಸಿಕೊಂಡು ಸಹಿ ಕೇಳಿದರು.

"ಅವರು ಒಳಗೆ ಬಂದ್ರೆ ನಾಳೆ ನಮ್ಮನ್ನೇ ಹೊರಗೆ ಹಾಕ್ತಾರೆ. ನೀವೇ ಬರೆಸಿದ ಸಾಲು ಸಾರ್ ಅದು," ಎಂದೆ.

"ಹೌದು ಮಾರಾಯ, ನಾನೇ ಬರೆಸಿದ್ದು."

ದೋಸೆಯನ್ನು ಅರ್ಧಕ್ಕೆ ಬಿಟ್ಟರು. ಆಮೇಲೆ ಸುಮಾರು ಹೊತ್ತು ಏನೋ ಹೇಳಿದರು. ನನ್ನ ವಾದದ ಒಂದೊಂದು ಮಾತೂ ಇಂದಿಗೂ ನೆನಪಿದೆ. ಅವರು ಹೇಳಿದ್ದು ಇಲ್ಲ. ನಾನು ಸಹಿ ಹಾಕಲಿಲ್ಲ.

ಅವರ ಎರಡೂ ಕಿಡ್ನಿ ಕೆಟ್ಟಿವೆ, ಡಯಾಲಿಸಿಸ್‌ಗೆಂದು ವಾರಕ್ಕೆರಡು ಸಲ ಮಂಗಳೂರಿಗೆ ಹೋಗುತ್ತಾರೆ, ಕಾರು ಮಾರಿದ್ದಾರೆ ಎಂಬುದು ನನಗೆ ತಿಳಿದದ್ದು ಆ ಮಳೆಗಾಲದಲ್ಲಿ. ಹಾಗೆಂದೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಆಗ ಸಹಿ ಹಾಕಲು ಓಡಿದೆ. ಅಷ್ಟರಲ್ಲಿ ಆ ಕಂಪನಿ ನಮ್ಮಂಥದೇ ಯಂತ್ರ ಮಾಡಿ ಅರ್ಧ ಬೆಲೆಗೆ ಮಾರತೊಡಗಿತ್ತು. ಅವರ ಷೇರು ಯಾರಿಗೂ ಬೇಡವಾಗಿತ್ತು. ಮಳೆ ಬಿಡುವ ಮೊದಲೇ ಅವರು ಹೋದರು.

ಕಳೆದ ವರ್ಷ ಕಂಪನಿ ಮುಚ್ಚಿದೆವು. ಅವರ ಷೇರು ಆಗ ಹೆಂಡತಿಯ ಹೆಸರಲ್ಲಿತ್ತು. ಸಹಿಗೆಂದು ಮನೆಗೆ ಹೋದೆ. ತೋರಿಸಿದಲ್ಲೆಲ್ಲ ಸಹಿ ಹಾಕಿಕೊಟ್ಟು ಕೇಳಿದರು:

"ಕಾಯಿಲೆ ವಿಷಯ ಅವ್ರು ನಿನ್ನ ಹತ್ರ ಹೇಳಿದ್ರಲ್ಲ?"

"ನೆನಪಾಗ್ತಿಲ್ಲ ಅಮ್ಮ." ಅದು ಸುಳ್ಳಲ್ಲ.

"ಹೇಳಿದ್ರು ಮಾರಾಯ. ಶೃಂಗೇರಿಯಿಂದ ಬಂದವ್ರೇ ನಂಗೆ ಅಂದ್ರು, ಎಲ್ಲ ಬಿಡಿಸಿ ಹೇಳಿದೀನಿ, ಒಳ್ಳೆ ಹುಡುಗ, ಎರಡು ದಿನದಲ್ಲಿ ಬಂದು ಸಹಿ ಹಾಕ್ತಾನೆ ಅಂತ. ಆ ವಾರ ಮಂಗಳೂರಿಗೂ ಹೋಗ್ಲಿಲ್ಲ. ನೀನು ಬಂದು, ಮನೇಲಿ ಯಾರೂ ಇಲ್ಲ ಅಂತ ವಾಪಸ್ ಹೋಗಿಬಿಟ್ರೆ ಅಂತ."