ಮಳೆ ನಿಂತ ಮೇಲಿನ ಹಳ್ಳ

ಹೆಡತಲೆ ಊರಿನ ಕಡೆಯ ಹಳ್ಳವೊಂದಕ್ಕೆ ಸೇತುವೆ ಆಗಬೇಕಿತ್ತು. ಅಳತೆಗೆಂದು ನಾನು ಹೋದ ಸಂಜೆ ಜೋರು ಮಳೆ ಹೊಯ್ದು ನಿಂತಿತು. ಹಳ್ಳದಲ್ಲಿ ಮೊಣಕಾಲುದ್ದ ನೀರೂ ಇರಲಿಲ್ಲ. ಪ್ಯಾಂಟು ಮಡಚಿ ಇಳಿಯಲು ಹೊರಟೆ. ದಡದಲ್ಲಿ ಹಾಲಿನ ಕ್ಯಾನು ಇಟ್ಟುಕೊಂಡು ಕೂತಿದ್ದ ಹೆಂಗಸೊಬ್ಬರು ಎದ್ದು ಬಂದು ನನ್ನ ಹೆಗಲಚೀಲ ಹಿಡಿದೆಳೆದರು.

"ಇಳೀಬ್ಯಾಡಿ ಸಾ."

"ಮಳೆ ನಿಂತೋಯ್ತಲ್ಲಮ್ಮಾ," ಎಂದೆ, ಸ್ವಲ್ಪ ಸಿಟ್ಟಿನಿಂದಲೇ.

"ಮಳೆ ನಿಂತದೆ. ನೀರು ಇನ್ನೂ ಬಂದಿಲ್ಲ."

ಅವರು ಚೀಲ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಕೆಂಪು ನೀರು ಮುಳ್ಳುಕಂಟಿಗಳನ್ನು ಎಳೆದುಕೊಂಡು ಬಂತು. ನಾನು ಕಾಲಿಡಬೇಕಿದ್ದ ಬಂಡೆ ಮುಳುಗಿಹೋಯಿತು.

ಅವರು ಹಿಡಿದಿದ್ದ ಚೀಲದಲ್ಲೇ ನನ್ನ ನಕ್ಷೆ ಇತ್ತು. ಈ ಹಳ್ಳಕ್ಕೆ ನೀರು ಹರಿಸುವ ನೆಲ ಸೋರೆಬುರುಡೆಯ ಹಾಗಿದೆ. ಮೇಲೆ ಗುಡ್ಡದ ಬುಡದಲ್ಲಿ ಅಗಲವಾದ ಹೊಟ್ಟೆ, ಅಲ್ಲಿಂದ ಇಲ್ಲಿಯವರೆಗೆ ಉದ್ದನೆಯ ಕತ್ತು. ಹೊಟ್ಟೆಯಲ್ಲಿ ಕೂಡಿದ ನೀರು ಕತ್ತು ದಾಟಿ ತಡವಾಗಿ, ಒಟ್ಟಿಗೇ ಬರುತ್ತದೆ. ಎಷ್ಟು ನಿಮಿಷ ತಡ ಅಂತ ಬೆಳಿಗ್ಗೆ ನಾನೇ ಲೆಕ್ಕ ಹಾಕಿದ್ದೆ.

"ನಿಮಗೆ ಹೇಗೆ ಗೊತ್ತಾಯ್ತಮ್ಮಾ?"

ಅವರ ಕಣ್ಣು ನೀರಿನ ಮೇಲೇ ಇತ್ತು. "ಮಳೆ ನಿಂತ್ ಮ್ಯಾಲೆ ಎಲ್ಡು ಅಸ ಕರಿಯೋ ಒತ್ತು ಕಾಯ್ಬೇಕು ಸಾ. ನಮ್ ಯಜಮಾನ್ರು ಅವತ್ತು ಒಂದೇ ಕರ್ದು ಆಚೆ ದಡದ ಡೈರಿಗೆ ಒಂಟೋದ್ರು."

ರಿಪೋರ್ಟಿನಲ್ಲಿ ನೀರು ತಡವಾಗುವ ನಿಮಿಷ ತುಂಬಿಸಿದೆ. ಪಕ್ಕದ 'ಆಧಾರ' ಕಾಲಂನಲ್ಲಿ 'ಸ್ಥಳ ವಿಚಾರಣೆ' ಅಂತ ಬರೆಯುವಷ್ಟೇ ಜಾಗ ಇತ್ತು.